ಮೂಕಪ್ರಾಣಿಯ ಕಣ್ಣಿಗೂ ಅಳತೆ ಉಂಟು

ಹಾವೇರಿಯ ದನದ ಸಂತೆಯನ್ನು ನೀವು ನೋಡಿರಬಹುದು. ಎತ್ತು ಕೊಳ್ಳುವವನು ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ; ಸುಳಿ ನೋಡುತ್ತಾನೆ; ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತಾನೆ. ಆಮೇಲೆ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ. ಕಣ್ಣಿನ ಮಾತೆತ್ತುವವರು ಮಾತ್ರ ವಿರಳ. ಸಂಸ್ಕೃತದಲ್ಲಿ ಕಣ್ಣಿಗೆ ‘ನೇತ್ರ’ವೆಂದು ಹೆಸರು, ‘ನೀ’ ಎಂಬ ಧಾತುವಿಗೆ ನಡೆಸಿಕೊಂಡು ಹೋಗು ಎಂದರ್ಥ. ನಡೆಸುವ ಅಂಗವೇ ಮಂಕಾದರೆ ನೊಗ ಹೊತ್ತ ಎತ್ತು ಸಾಲು ತಪ್ಪುತ್ತದೆ. ರೈತನ ಹಂಗಾಮೂ ತಪ್ಪುತ್ತದೆ.

ನನ್ನ ಬಾಲ್ಯದಲ್ಲಿ ನಮ್ಮ ಮನೆಯ ಎತ್ತೊಂದರ ಎಡಗಣ್ಣಿನಿಂದ ನೀರು ಸುರಿಯತೊಡಗಿತು. ಯಾರೋ ಹೇಳಿದರೆಂದು ಉಪ್ಪನ್ನು ಅಗಿದು ಆ ಕಣ್ಣಿಗೆ ಊದಿದರು. ಕೆಲವು ದಿನಗಳಲ್ಲಿ ಕಣ್ಣಿಗೆ ಬಿಳಿಯ ಹೂ ಬಿದ್ದು ದೃಷ್ಟಿ ಹೋಯಿತು. ಕುರುಡಾದ ಕಣ್ಣು ಜೊತೆಯ ಎತ್ತಿನ ಕಡೆಗಿರಲೆಂದು ಅಂದಿನಿಂದ ಅದನ್ನು ಬಲಗಡೆಗೇ ಹೂಡಿದರು. ಆ ಕಣ್ಣಿಗೆ ಆಗಿದ್ದೇನೆಂದು ನಾವು ಯಾರೂ ಅಳೆದು ನೋಡಲಿಲ್ಲ. ಕಣ್ಣನ್ನು ಅಳೆಯುವುದು ಸಾಧ್ಯವೇ? ಸಾಧ್ಯವುಂಟು.

ಮೊದಲನೆಯದು ಕಣ್ಣೀರಿನ ಅಳತೆ. ಜರ್ಮನಿಯ ನೇತ್ರವೈದ್ಯ ಷಿರ್ಮರ್ 1903ರಲ್ಲಿ ಮನುಷ್ಯರಿಗಾಗಿ ಪ್ರಕಟಿಸಿದ ವಿಧಾನವೇ ಇಂದು ಪಶುಗಳಿಗೂ ಬಳಕೆಯಲ್ಲಿದೆ. ಶಾಯಿ ಹೀರುವ ಕಾಗದದಂತಹ, 5 ಮಿಲಿಮೀಟರ್ ಅಗಲದ ಒಂದು ಪಟ್ಟಿ. ಅದರ ತುದಿಯನ್ನು ಮಡಿಸಿ ಕೆಳರೆಪ್ಪೆಯ ಒಳಗೆ ಸಿಕ್ಕಿಸುತ್ತಾರೆ. ಒಂದು ನಿಮಿಷದಲ್ಲಿ ಎಷ್ಟು ಮಿಲಿಮೀಟರ್ ಒದ್ದೆಯಾಯಿತೋ ಅದೇ ಅಳತೆ. ಆರೋಗ್ಯವಂತ ನಾಯಿಯಲ್ಲಿ ಅದು ಸಾಮಾನ್ಯವಾಗಿ 15ಕ್ಕೆ ಕಡಿಮೆಯಿರದು. ದನಗಳಲ್ಲಿ ಬಹುಮಟ್ಟಿಗೆ 20ನ್ನು ದಾಟುತ್ತದೆ. ಕಣ್ಣೀರು ಬತ್ತಿದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ ಒಣಗಿ ಹುಣ್ಣಾಗುತ್ತದೆ.

ಎರಡನೆಯದು ಕಣ್ಣಿನೊಳಗಣ ಒತ್ತಡ. ಕಣ್ಣುಗುಡ್ಡೆಯೊಳಗೆ ಒಂದು ತಿಳಿನೀರು ಸದಾ ಹುಟ್ಟುತ್ತ, ಸದಾ ಬಸಿದು ಹೋಗುತ್ತ ಇರುತ್ತದೆ. ಬಸಿಯುವ ದಾರಿ ಕಟ್ಟಿದರೆ ಒತ್ತಡವೇರಿ ದೃಷ್ಟಿನರ ನಶಿಸುತ್ತದೆ, ಇದೇ ಗ್ಲಾಕೋಮಾ. ಕಣ್ಣಿನೊಳಗೆ ಉರಿಯೂತವಾದರೆ ಒತ್ತಡ ಬಹುಶಃ ಇಳಿಯುತ್ತದೆ. ಹೀಗೆ ಏರಿಕೆಯೂ ಇಳಿಕೆಯೂ ರೋಗದ ಗುರುತುಗಳೇ. ನಾರ್ವೆಯ ಶ್ಯೋಟ್ಸ್ 1905ರಲ್ಲಿ ರೂಪಿಸಿದ ಒತ್ತಡಮಾಪಕವನ್ನು, ಎಂದರೆ ಟೋನೋಮೀಟರನ್ನು, ಮಲಗಿದವರ ಕಣ್ಣಿನ ಮೇಲೆ ಇಡಬೇಕಾಗಿತ್ತು. ನಿಂತ ಎತ್ತಿಗೆ ಅದು ಒಗ್ಗದು. ಈಗ ಕೈಯಲ್ಲಿ ಹಿಡಿಯುವ ಸಣ್ಣ ಉಪಕರಣಗಳು ಬಂದಿವೆ. ಅವುಗಳಲ್ಲೊಂದು ಸೂಜಿಯಂತಹ ಹಗುರ ಕಡ್ಡಿಯನ್ನು ಕಣ್ಣಿಗೆ ಮೆಲ್ಲನೆ ತಾಗಿಸಿ, ಅದು ಪುಟಿದು ಬರುವ ರೀತಿಯಿಂದ ಒತ್ತಡವನ್ನು ಹೇಳುತ್ತದೆ. ಮನುಷ್ಯರಲ್ಲಿ 10ರಿಂದ 21 ಮಿಲಿಮೀಟರ್ ಪಾದರಸದ ಒತ್ತಡ ಸಹಜ. ದನಗಳಲ್ಲಿ ಅದು ತಳಿ, ವಯಸ್ಸು, ಉಪಕರಣಗಳಿಗೆ ತಕ್ಕಂತೆ ಸುಮಾರು 15ರಿಂದ 30ರವರೆಗೆ ಇರಬಹುದು.

ರೋಗವಿಲ್ಲದ ದನವನ್ನು ಏಕೆ ಅಳೆಯಬೇಕೆಂದು ನೀವು ಕೇಳಬಹುದು. ಸೇರಿನ ಅಳತೆ ತಿಳಿಯದವನಿಗೆ ಕಾಳು ಕಡಿಮೆಯಾದದ್ದು ಹೇಗೆ ತಿಳಿದೀತು? ಆರೋಗ್ಯದ ಅಂಕಿ ಮೊದಲು ಗೊತ್ತಿರಬೇಕು. ರಾಣೆಬೆನ್ನೂರು ಸೀಮೆಯ ಕುರಿಯ ಅಂಕಿಯನ್ನು ಹಾವೇರಿಯ ಎತ್ತಿಗೆ ಹಚ್ಚಲಾಗದು. ಪ್ರತಿಯೊಂದು ಜಾತಿಗೂ ಬೇರೆ ಬೇರೆ ಲೆಕ್ಕವೇ ಬೇಕು.

ಅಳೆಯುವಾಗ ಪ್ರಾಣಿಯ ನೆಮ್ಮದಿಯೂ ಮುಖ್ಯ. ಕೊರಳ ಹಗ್ಗವನ್ನು ಬಿಗಿದರೆ, ರೆಪ್ಪೆಯನ್ನು ಗುಡ್ಡೆಗೆ ಒತ್ತಿದರೆ, ತಲೆಯನ್ನು ಎದೆಗಿಂತ ಕೆಳಕ್ಕೆ ಜಗ್ಗಿದರೆ ಒತ್ತಡ ಸುಳ್ಳಾಗಿ ಏರುತ್ತದೆ. ದೀಪಾವಳಿಯ ಹೋರಿ ಹಬ್ಬದಲ್ಲಿ ಓಡಿ ಬೆದರಿ ಬಂದ ಹೋರಿಯನ್ನು ಆಗಲೇ ಅಳೆದರೆ ಸಿಗುವ ಅಂಕಿಯನ್ನು ನಂಬಲಾಗದು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಘಾಟಿನಲ್ಲಿ ನಮ್ಮ ಕಣ್ಣೇ ನೀರಾಡುತ್ತದೆ. ಅಲ್ಲಿ ಗಾಡಿಗೆ ಕಟ್ಟಿದ ಎತ್ತಿನ ಕಣ್ಣೀರನ್ನು ಅಳೆದರೆ ಘಾಟಿನ ನೀರೂ ಲೆಕ್ಕಕ್ಕೆ ಸೇರೀತು. ಮರಗಟ್ಟಿಸುವ ಹನಿ ಕಣ್ಣೀರನ್ನು ಕಡಿಮೆ ಮಾಡುವುದರಿಂದ, ಕಣ್ಣೀರನ್ನು ಮೊದಲು ಅಳೆದು ಆ ಹನಿಯನ್ನು ಆಮೇಲೆ ಹಾಕುವುದು ಕ್ರಮ.

ಪೇಟೆಯಲ್ಲಿರುವ ನಮಗೇಕೆ ಈ ವಿಷಯವೆನ್ನಬೇಡಿ. ನಿಮ್ಮ ಅಣ್ಣತಮ್ಮಂದಿರು ಊರಲ್ಲಿ ದನ ಕಟ್ಟಿರಬಹುದು. ನಿಮ್ಮ ಮನೆಗೆ ಹಾಲು ತರುವವರ ಕೊಟ್ಟಿಗೆಯಲ್ಲಿ ಆಕಳಿರಬಹುದು. ಕಣ್ಣಿನಲ್ಲಿ ನೀರು ಸುರಿಯುವುದು, ಬೆಳಕಿಗೆ ಕಣ್ಣು ಮುಚ್ಚುವುದು, ಗುಡ್ಡೆ ನೀಲಿ ಅಥವಾ ಬಿಳಿಯಾಗುವುದು, ಒಂದು ಕಣ್ಣು ಇನ್ನೊಂದಕ್ಕಿಂತ ದೊಡ್ಡದಾಗಿ ಕಾಣುವುದು: ಇವುಗಳಲ್ಲಿ ಒಂದನ್ನು ಕಂಡರೂ ಅಂದೇ ದನದ ದವಾಖಾನೆಗೆ ಕರೆದೊಯ್ಯಲು ಹೇಳಿರಿ. ಉಪ್ಪು, ಸುಣ್ಣ, ಸೊಪ್ಪಿನ ರಸಗಳನ್ನು ಹಾಕಗೊಡಬೇಡಿ. ಯಾವುದೋ ಹಳೆಯ ಮುಲಾಮು ಕೂಡ ಬೇಡ. ಹುಣ್ಣಾದ ಕಣ್ಣಿಗೆ ಸ್ಟೆರಾಯ್ಡ್ ಬೆರೆತ ಮುಲಾಮು ಬಹಳ ಕೇಡು ಮಾಡೀತು.

ನಮ್ಮ ಎತ್ತಿಗೆ ಅಂದು ಆ ಕಾಗದದ ಪಟ್ಟಿಯಾಗಲಿ ಒತ್ತಡಮಾಪಕವಾಗಲಿ ದೊರೆಯಲಿಲ್ಲ. ಉಪ್ಪು ಊದುವ ಮೊದಲು ಬಲ್ಲವರನ್ನು ಒಂದು ಮಾತು ಕೇಳಿದ್ದರೆ ಅದರ ಕಣ್ಣು ಉಳಿಯುತ್ತಿತ್ತೇನೋ. ಆ ಒಂದು ಮಾತು ಕೇಳುವುದು ಇಂದು ನಮ್ಮ ಕೈಯಲ್ಲಿದೆ.