ಮಂಕಾದ ಹೆಡ್‌ಲೈಟಿಗೆ ಮನೆಯಲ್ಲೇ ಮದ್ದು

ಮಳೆಗಾಲದ ರಾತ್ರಿ ಘಾಟಿ ಇಳಿಯುವಾಗ ಬೆಳಕು ಸಾಲದೆಂದು ಬಲ್ಬು ಬದಲಾಯಿಸುವವರು ನಮ್ಮಲ್ಲಿ ಹಲವರಿದ್ದಾರೆ. ಹೊಸ ಬಲ್ಬು ಹಾಕಿದರೂ ರಸ್ತೆ ಸರಿಯಾಗಿ ಕಾಣದಿದ್ದರೆ, ದೋಷ ಲೈಟಿನ ಮುಂಭಾಗದ ಪ್ಲಾಸ್ಟಿಕ್ಕಿನಲ್ಲಿ ಇರಬಹುದು.

ಹಳೆಯ ಜೀಪುಗಳಿಗೆ ಗಾಜಿನ ಲೈಟುಗಳಿದ್ದವು. ಗಾಜು ಹೀಗೆ ಹಳದಿಗಟ್ಟುವುದಿಲ್ಲ. ಈಗಿನ ಕಾರು, ಪಿಕಪ್ಪುಗಳಿಗೆ ಹೆಚ್ಚಾಗಿ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕನ್ನು ಬಳಸುತ್ತಾರೆ. ಇದು ಹಗುರ, ಸುಲಭವಾಗಿ ಒಡೆಯದು. ಆದರೆ ಬಿಸಿಲಿನ ನೇರಳಾತೀತ ಕಿರಣಗಳನ್ನು ತಾಳದು. ಆದುದರಿಂದ ಕಾರ್ಖಾನೆಯಲ್ಲೇ ಅದಕ್ಕೆ ತೆಳುವಾದ ರಕ್ಷಣಾ ಲೇಪ ಕೊಟ್ಟಿರುತ್ತಾರೆ. ವರ್ಷಗಳು ಕಳೆದಂತೆ ಆ ಲೇಪ ಸವೆದು ಪ್ಲಾಸ್ಟಿಕ್ ಹಳದಿಯಾಗುತ್ತದೆ. ಆಗ ಬೆಳಕು ರಸ್ತೆಗೆ ಬೀಳದೆ ಚದುರಿಹೋಗುತ್ತದೆ.

ಮೊದಲು ಲೈಟಿನ ಮೇಲೆ ನೀರು ಹಾಕಿ ನೋಡಿ. ಒದ್ದೆಯಾದಾಗ ತಿಳಿಯಾಗಿ ಕಂಡರೆ ದೋಷ ಹೊರಮೈಯಲ್ಲಿದೆ, ಸರಿಪಡಿಸಬಹುದು. ಒಳಗೆ ನೀರು ಸೇರಿದ್ದರೆ ಅಥವಾ ಆಳವಾದ ಬಿರುಕಿದ್ದರೆ ಉಜ್ಜಿ ಪ್ರಯೋಜನವಿಲ್ಲ.

ಕ್ರಮ ಹೀಗಿದೆ:

1. ಸೋಪಿನ ನೀರಿನಿಂದ ತೊಳೆದು, ಸುತ್ತಲಿನ ಬಣ್ಣಕ್ಕೆ ತಾಗದಂತೆ ಅಂಟುಪಟ್ಟಿ ಹಚ್ಚಿ.

2. 800 ನಂಬರಿನ ವಾಟರ್ ಪೇಪರಿನಿಂದ ನೀರು ಬಿಡುತ್ತಾ ಅಡ್ಡಡ್ಡ ಉಜ್ಜಿ. ಮೊದಲು ಹಳದಿ ನೀರು ಇಳಿಯುತ್ತದೆ. ಅದು ಬೆಳ್ಳಗಾಗುವವರೆಗೆ ಉಜ್ಜಬೇಕು. ನಂತರ 1500, ಕೊನೆಗೆ 2000. ಪ್ರತಿ ಸಲ ದಿಕ್ಕು ಬದಲಿಸಿದರೆ ಹಿಂದಿನ ಗೀರು ಉಳಿದಿದೆಯೇ ಎಂದು ತಿಳಿಯುತ್ತದೆ. ಈ ಹಂತದಲ್ಲಿ ಲೈಟು ಮಬ್ಬಾಗಿ ಕಂಡರೆ ಗಾಬರಿ ಬೇಡ.

3. ಚೆನ್ನಾಗಿ ತೊಳೆದು ಒಣಗಿಸಿ. ಹೆಡ್‌ಲೈಟಿಗೆಂದೇ ಸಿಗುವ, ನೇರಳಾತೀತ ಕಿರಣ ತಡೆಯುವ ಕ್ಲಿಯರ್ ಕೋಟನ್ನು ನೆರಳಿನಲ್ಲಿ ತೆಳುವಾಗಿ ಎರಡು ಸಲ ಸಿಂಪಡಿಸಿ. ಮೂಗಿಗೆ ಮುಸುಕು ಕಟ್ಟಿಕೊಳ್ಳಿ. ಆ ದಿನ ಮಳೆ, ಧೂಳು ತಾಗಬಾರದು.

ಮೂರನೆಯ ಹಂತವೇ ಮುಖ್ಯ. ಟೂತ್‌ಪೇಸ್ಟ್ ಅಥವಾ ಪಾಲಿಶ್ ಮಾತ್ರ ಹಚ್ಚಿ ನಿಲ್ಲಿಸಿದರೆ ಹೊಳಪು ಬರುತ್ತದೆ, ಆದರೆ ರಕ್ಷಣೆ ಇರುವುದಿಲ್ಲ. ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಪೆಟ್ರೋಲ್, ಥಿನ್ನರ್ ಮುಟ್ಟಿಸಲೇಬಾರದು, ಪ್ಲಾಸ್ಟಿಕ್ ಬಿರುಕು ಬಿಡುತ್ತದೆ.

ಬೋರ್ಡೋ ದ್ರಾವಣದ ಡ್ರಮ್ಮು ಸಾಗಿಸುವ ಗಾಡಿಯ ಕಪ್ಪು ಬಂಪರಿನ ಮೇಲೆ ಸುಣ್ಣದ ಕಲೆ ಕೂರುವುದುಂಟು. ನೀರು ಬೆರೆಸಿದ ವಿನಿಗರಿನಲ್ಲಿ ಬಟ್ಟೆ ಅದ್ದಿ ಒರೆಸಿದರೆ ಅದು ಕರಗುತ್ತದೆ. ಕೂಡಲೇ ಧಾರಾಳ ನೀರಿನಿಂದ ತೊಳೆಯಿರಿ. ದ್ರಾವಣದಲ್ಲಿ ಮೈಲುತುತ್ತು ಇರುವುದರಿಂದ ತೊಳೆದ ನೀರು ಬರಿ ಕಬ್ಬಿಣದ ಮೇಲೆ ನಿಲ್ಲದಿರಲಿ.

ಕೊಳೆರೋಗ ಬಂದ ಮೇಲಲ್ಲ, ಮಳೆಗೆ ಮುನ್ನವೇ ಅಡಿಕೆ ಗೊನೆಗೆ ಮದ್ದು ಹೊಡೆಯುತ್ತೇವೆ. ಗಾಡಿಯ ಕಣ್ಣಿಗೂ ಅದೇ ನಿಯಮ. ಮುಂಗಾರಿಗೆ ಮುಂಚೆ ಒಂದು ಬಿಡುವಿನ ದಿನ ಈ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು.