ಮೂವತ್ತೆರಡು ತುತ್ತು

ಜೈನ ಗ್ರಂಥಕಾರರು ಬಾಹ್ಯತಪಸ್ಸಿನಲ್ಲಿ ಆರು ಬಗೆಗಳನ್ನು ಎಣಿಸಿ, ಉಪವಾಸದ ಬೆನ್ನಿಗೇ ಅವಮೋದರ್ಯವೆಂಬುದೊಂದನ್ನು ಹೇಳುತ್ತಾರೆ. ಹೊಟ್ಟೆ ತುಂಬುವ ಮೊದಲೇ ಎಲೆಯ ಮುಂದಿನಿಂದ ಏಳುವುದಕ್ಕೆ ಅವಮೋದರ್ಯವೆಂದು ಹೆಸರು. ನಮ್ಮ ವಡ್ಡಾರಾಧನೆಯ ಕಥೆಗಳಿಗೆ ಬೇರಾಗಿರುವ ಪ್ರಾಕೃತದ ಭಗವತೀ ಆರಾಧನೆಯಲ್ಲಿ ಇದರ ಲೆಕ್ಕವೂ ಇದೆ. ಗಂಡಸಿನ ಹೊಟ್ಟೆ ತುಂಬಲು ಮೂವತ್ತೆರಡು ತುತ್ತು, ಹೆಂಗಸಿನದಕ್ಕೆ ಇಪ್ಪತ್ತೆಂಟು. ಅದರಲ್ಲಿ ಒಂದು ತುತ್ತು ಬಿಟ್ಟರೂ ಅವಮೋದರ್ಯವೇ, ಒಂದೇ ತುತ್ತಿಗೆ ಇಳಿದರೂ ಅವಮೋದರ್ಯವೇ. ಧರ್ಮಸೂತ್ರಕಾರರ ಲೆಕ್ಕ ಇನ್ನೂ ಸೊಗಸಾದುದು. ಮುನಿಗೆ ಎಂಟು ತುತ್ತು, ವನವಾಸಿಗೆ ಹದಿನಾರು, ಗೃಹಸ್ಥನಿಗೆ ಮೂವತ್ತೆರಡು, ಬ್ರಹ್ಮಚಾರಿಗೆ ಮಿತಿಯೇ ಇಲ್ಲ. ವಿದ್ಯಾರ್ಥಿನಿಲಯದ ಊಟದ ಮೇಲ್ವಿಚಾರಣೆಯನ್ನು ಒಮ್ಮೆಯಾದರೂ ಹೊತ್ತ ಅಧ್ಯಾಪಕರು ಈ ಕೊನೆಯ ಮಾತನ್ನು ಅಲ್ಲಗಳೆಯಲಾರರು.

ಇಪ್ಪತ್ತು ವರ್ಷಗಳಿಂದ ನವಲಗುಂದದ ಕಡೆಯ ಹುಡುಗರಿಗೆ ಕನ್ನಡ ಕಲಿಸುತ್ತ ಬಂದಿರುವ ನಾನು ಈ ಲೆಕ್ಕವನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚುಗಳಲ್ಲಿ ನಗೆ ಹುಟ್ಟುತ್ತಿತ್ತು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಹೇಳುವವನ ತೂಕ ೧೨೮ ಕಿಲೋ. ಕುಮಾರವ್ಯಾಸನ ಬಕವಧೆಯ ಪ್ರಸಂಗವನ್ನು ಪಾಠ ಮಾಡಿದ ವರ್ಷ ಅವರು ನನಗೆ ವೃಕೋದರನೆಂದು ಹೆಸರಿಟ್ಟರು. ಬೇರೆ ಯಾವುದೋ ಹೆಸರನ್ನು ಬಿಟ್ಟು ಭಾರತದೊಳಗಿನದನ್ನೇ ಆರಿಸಿಕೊಂಡರಲ್ಲ ಎಂದು ನಾನು ಒಳಗೊಳಗೆ ಸಂತೋಷಪಟ್ಟದ್ದೂ ಉಂಟು. ಆದರೆ ಸಕ್ಕರೆ ರೋಗ, ರಕ್ತದೊತ್ತಡ, ಗೊರಕೆಯ ನಡುವೆ ಉಸಿರು ನಿಂತು ನಡುರಾತ್ರಿ ಬೆಚ್ಚಿ ಏಳುವ ಪಾಡು, ಇವು ನಗೆಯ ಮಾತುಗಳಾಗಿರಲಿಲ್ಲ. ಎರಡು ವರ್ಷಗಳ ಕೆಳಗೆ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನನ್ನ ಜಠರದ ಮುಕ್ಕಾಲು ಪಾಲಿಗಿಂತ ಹೆಚ್ಚಿನ ಭಾಗವನ್ನು ತೆಗೆದುಹಾಕಿದರು. ಗೃಹಸ್ಥಾಶ್ರಮದಲ್ಲಿ ಇದ್ದುಕೊಂಡೇ ನಾನು ಎಂಟು ತುತ್ತಿನವನಾದೆ.

ಈ ಶಸ್ತ್ರಕ್ರಿಯೆಯ ವಿಷಯದಲ್ಲಿ ನಮ್ಮ ಜನರಲ್ಲಿ ಬಹಳ ಗೊಂದಲವಿದೆ. ೨೦೨೨ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ತರುಣ ನಟಿಯೊಬ್ಬಳು ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡ ಸುದ್ದಿ ಹಳ್ಳಿಹಳ್ಳಿಗೂ ಮುಟ್ಟಿತ್ತು. ನಾನೂ ಅದನ್ನೇ ಮಾಡಿಸಿಕೊಳ್ಳುತ್ತೇನೆಂದು ಬಂಧುಗಳು ತಿಳಿದರು. ಅದು ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವ, ಆಕಾರಕ್ಕೆ ಸಂಬಂಧಿಸಿದ ಕ್ರಿಯೆ. ಇದು ಜಠರದ ಮೇಲೆ ನಡೆಯುವುದು. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ರಂಧ್ರಗಳನ್ನು ಮಾಡಿ, ಒಂದು ಲೀಟರಿಗೂ ಮಿಕ್ಕಿ ಹಿಡಿಯುವ ಚೀಲವನ್ನು ಉದ್ದಕ್ಕೆ ಕತ್ತರಿಸಿ ಹೊಲಿದು, ೧೦೦-೧೫೦ ಮಿಲಿಲೀಟರು ಹಿಡಿಯುವ ಸಣ್ಣ ಕೊಳವೆಯನ್ನಷ್ಟೇ ಉಳಿಸುತ್ತಾರೆ. ಅಂಗಿಯ ತೋಳಿನಂತೆ ಕಾಣುವುದರಿಂದ ಇದಕ್ಕೆ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಎಂದು ಹೆಸರು. ಇದಕ್ಕೂ ಹಿಂದಿನದು ಬೈಪಾಸ್ ಎಂಬ ಇನ್ನೊಂದು ಬಗೆ. ಹುಣ್ಣಿಗಾಗಿ ಜಠರದ ಭಾಗವನ್ನು ತೆಗೆಸಿಕೊಂಡವರು ಮತ್ತೆ ಮೈ ತುಂಬಿಕೊಳ್ಳದೆ ಉಳಿಯುವುದನ್ನು ಕಂಡಿದ್ದ ಅಮೇರಿಕೆಯ ಆಯೋವಾ ವಿಶ್ವವಿದ್ಯಾಲಯದ ಡಾ. ಎಡ್ವರ್ಡ್ ಮೇಸನ್ ೧೯೬೬ರಲ್ಲಿ ಅದನ್ನು ಆರಂಭಿಸಿದರು. ತೋಳಿನ ಬಗೆ ಮೊದಲು ದೊಡ್ಡ ಶಸ್ತ್ರಕ್ರಿಯೆಯೊಂದರ ಪೂರ್ವಾರ್ಧವಾಗಿತ್ತು. ಪೂರ್ವಾರ್ಧದಿಂದಲೇ ಸಾಕಷ್ಟು ತೂಕ ಇಳಿಯುವುದನ್ನು ಕಂಡು ಈ ಶತಮಾನದ ಮೊದಲ ದಶಕದಲ್ಲಿ ಅದನ್ನೇ ಸ್ವತಂತ್ರವಾಗಿ ಮಾಡತೊಡಗಿದರು. ಇಂದು ಜಗತ್ತಿನಲ್ಲಿ ಹೆಚ್ಚಾಗಿ ನಡೆಯುವುದು ಇದೇ.

ಕತ್ತರಿಸಿ ತೆಗೆದ ಭಾಗದೊಡನೆ ಹೋಗುವುದು ಬರಿಯ ಜಾಗವಲ್ಲ. ಜಠರದ ಮೇಲ್ಭಾಗದಿಂದ ಗ್ರೆಲಿನ್ ಎಂಬ ರಸವೊಂದು ರಕ್ತಕ್ಕೆ ಸೇರಿ, ಹಸಿವಾಗಿದೆಯೆಂದು ಮಿದುಳಿಗೆ ತಿಳಿಸುತ್ತದೆ. ೧೯೯೯ರಲ್ಲಿ ಜಪಾನದ ಕೊಜಿಮಾ ಮತ್ತು ಕಂಗಾವಾ ಎಂಬ ವಿಜ್ಞಾನಿಗಳು ಅದನ್ನು ಕಂಡುಹಿಡಿದರು. ಆ ಭಾಗವೇ ಹೋಯಿತೆಂದ ಮೇಲೆ ಹಸಿವಿನ ಕರೆಯೂ ಬಹುಮಟ್ಟಿಗೆ ನಿಂತಹಾಗೆಯೇ. ವಾಚಕರಿಗೆ ಈ ಅನುಭವವನ್ನು ವಿವರಿಸುವುದು ಕಷ್ಟ. ಹಸಿವಿಲ್ಲದವನಿಗೆ ಮಧ್ಯಾಹ್ನವೆಂಬುದೇ ಇಲ್ಲ. ಬೆಳಗು ಆಗುತ್ತದೆ, ಸಂಜೆ ಆಗುತ್ತದೆ. ನಡುವೆ ಒಂದು ಗಡಿಗಲ್ಲು ಇತ್ತಲ್ಲ, ಅದನ್ನು ಯಾರೋ ಕಿತ್ತು ಒಯ್ದಂತೆ. ಕಾಲೇಜಿನಲ್ಲಿ ಮೂರನೆಯ ತಾಸಿನ ಹೊತ್ತಿಗೆ ನನ್ನ ಪಾಠದಲ್ಲಿ ಕಾಣಿಸಿಕೊಳ್ಳುತ್ತಿದ್ದ ಅವಸರವೂ ಹೋಯಿತು. ಹುಡುಗರಿಗೆ ಇದರಿಂದ ಲಾಭವಾಯಿತೋ ನಷ್ಟವಾಯಿತೋ, ಅವರೇ ಹೇಳಬೇಕು.

ಮೊದಲ ಎರಡು ವಾರ ದ್ರವಾಹಾರ. ನೀರು, ಸೋಸಿದ ಬೇಳೆಯ ಕಟ್ಟು, ತೆಳ್ಳನೆಯ ಮಜ್ಜಿಗೆ; ಅದನ್ನೂ ಗುಟುಕರಿಸುವಂತಿಲ್ಲ, ಚಮಚೆಯಿಂದ ತುಟಿಗೆ ಮುಟ್ಟಿಸಬೇಕು. ತರುವಾಯ ಎರಡು ವಾರ ಅರೆದದ್ದು, ಆಮೇಲೆ ಮೆತ್ತನೆಯದು. ಗಟ್ಟಿಯಾದ ಊಟಕ್ಕೆ ಬರಲು ಎರಡು ತಿಂಗಳು. ಪೇಟೆಯಲ್ಲಿ ಸಿಗುವ ಬೆಲೆಬಾಳುವ ಪುಡಿಗಳ ಪಟ್ಟಿಯನ್ನೂ ನನ್ನ ಕೈಗೆ ಕೊಟ್ಟಿದ್ದರು. ಆದರೆ ನನ್ನನ್ನು ಕೈಹಿಡಿದು ನಡೆಸಿದ್ದು ಜೋಳದ ನುಚ್ಚು, ಮಜ್ಜಿಗೆ, ಹೆಸರುಬೇಳೆ. ಬಡವರ ಮನೆಯ ನುಚ್ಚಿಗೆ ಇಂಥ ಗೌರವ ಬಂದದ್ದನ್ನು ಕಂಡು ನನ್ನ ಹೆಂಡತಿ ಬಹಳ ನಕ್ಕಳು. ದಿನಕ್ಕೆ ಅರವತ್ತು ಗ್ರಾಮಿನಷ್ಟಾದರೂ ಪ್ರೋಟೀನು ಹೊಟ್ಟೆಗೆ ಸೇರಬೇಕು. ಆದ್ದರಿಂದ ಎಲೆಯಲ್ಲಿ ಮೊದಲು ಕಾಳು, ಬೇಳೆ, ಮೊಸರು, ಕಡೆಗೆ ಜಾಗವುಳಿದರೆ ರೊಟ್ಟಿ. ಅನ್ನ ನನಗೆ ಒಗ್ಗಲಿಲ್ಲ. ನಾಲ್ಕು ತುತ್ತಿಗೇ ಉಬ್ಬಿ ಎದೆಯಲ್ಲಿ ನಿಲ್ಲುತ್ತದೆ. ರೊಟ್ಟಿಯಾದರೆ ಅಗಿದಷ್ಟೂ ನುಣ್ಣಗಾಗುತ್ತದೆ.

ಎಲ್ಲಕ್ಕಿಂತ ಕಷ್ಟವಾದದ್ದು ನೀರಿನ ಕಟ್ಟಳೆ. ನಮ್ಮ ಎರೆಸೀಮೆಯ ಒಣರೊಟ್ಟಿಗೂ ಖಾರಕ್ಕೂ ಮಗ್ಗುಲಲ್ಲಿ ತುಂಬಿದ ತಂಬಿಗೆ ಇರಲೇಬೇಕು. ಜಠರದಲ್ಲಿ ಎರಡು ಪಾಲು ಅನ್ನ, ಒಂದು ಪಾಲು ನೀರು, ಒಂದು ಪಾಲು ಗಾಳಿಗೆ ಎಂದು ವಾಗ್ಭಟನೂ ಅಪ್ಪಣೆ ಕೊಟ್ಟಿದ್ದಾನೆ. ಈಗ ಊಟದೊಡನೆ ಒಂದು ಗುಟುಕು ನೀರೂ ಇಲ್ಲ. ಉಂಡ ಮೇಲೆ ಅರ್ಧ ಗಂಟೆ ಕಾಯಬೇಕು. ಪಾಲು ಹಂಚುವಷ್ಟು ಆಸ್ತಿ ಉಳಿದಿಲ್ಲವೆಂದರಾಯಿತು.

ಇದಿಷ್ಟು ಶರೀರದ ಕಥೆ. ಹೇಳಬೇಕಾದ ಕಥೆ ನನ್ನ ತಾಯಿಯದು.

ಅವಳಿರುವುದು ಅಣ್ಣಿಗೇರಿಯಲ್ಲಿ, ಪಂಪನ ತಾಯಿ ಅಬ್ಬಣಬ್ಬೆಯ ಹಿರಿಯರ ಊರೆಂದು ಜಿನವಲ್ಲಭನ ಶಾಸನದಿಂದ ತಿಳಿದುಬಂದ ಅದೇ ಅಣ್ಣಿಗೇರಿ. ಅವಳಿಗೆ ಓದು ಬಾರದು. ೧೯೭೨ರ ಬರದಲ್ಲಿ ಅವಳು ಹೊಸದಾಗಿ ಮದುವೆಯಾಗಿ ಬಂದ ಸೊಸೆ. ಸರಕಾರದ ಅಂಗಡಿಯಿಂದ ತಂದ ಕೆಂಪು ಜೋಳ ರೊಟ್ಟಿಯಾಗಿ ತಟ್ಟಿದರೆ ಒಡೆಯುತ್ತಿತ್ತಂತೆ. ಒಡೆದ ಚೂರುಗಳನ್ನು ಕೂಡಿಸಿ ಗಂಡಸರಿಗೆ ಬಡಿಸಿ, ಉಳಿದ ನುಚ್ಚಿಗೆ ನೀರು ಬೆರೆಸಿ ಹೆಂಗಸರು ಕುಡಿಯುತ್ತಿದ್ದರಂತೆ. ಆ ವರ್ಷ ಕಣ್ಣೆದುರಿಗೆ ಸೊರಗಿದ ಮಕ್ಕಳನ್ನು ಅವಳು ಮರೆತಿಲ್ಲ. ಮುಂದೆ ತನ್ನ ಮಕ್ಕಳಿಗೆ ಬಡಿಸುವಾಗ ಅವಳ ಕೈಗೆ ಸಾಕು ಎಂಬ ಮಾತು ಕೇಳಿಸಲಿಲ್ಲ. ‘ಮೈ ತುಂಬ್ಯಾನ’ ಎಂದು ನೆರೆಯವರು ನನ್ನನ್ನು ಕಂಡು ಅಂದದ್ದೇ ಅವಳಿಗೆ ದೊರೆತ ಪ್ರಶಸ್ತಿ.

ಶಸ್ತ್ರಕ್ರಿಯೆಯಾಗಿ ನಾಲ್ಕು ತಿಂಗಳಿಗೆ ನಾನು ಊರಿಗೆ ಹೋದಾಗ ಇಪ್ಪತ್ತಾರು ಕಿಲೋ ಇಳಿದಿದ್ದೆ. ಗಲ್ಲ ಒಳಸೇರಿ, ಕತ್ತಿನ ಚರ್ಮ ಜೋತು ಬಿದ್ದಿತ್ತು. ಮೂರು ನಾಲ್ಕು ತಿಂಗಳಿಗೆ ಕೂದಲು ಉದುರುವುದು ಈ ಹಾದಿಯಲ್ಲಿ ಸಾಮಾನ್ಯ. ತಿರುಗಿ ಬರುತ್ತದೆ, ಆದರೆ ಬರುವವರೆಗೆ ನೋಡಿದವರು ಬೇರೆಯೇ ರೋಗವನ್ನು ಊಹಿಸುತ್ತಾರೆ. ಬಸ್ಸಿನ ನಿಲ್ದಾಣದಿಂದ ಮನೆ ಮುಟ್ಟುವಷ್ಟರಲ್ಲಿ ಮೂವರು ನಿಲ್ಲಿಸಿ, ದನಿ ತಗ್ಗಿಸಿ ವಿಚಾರಿಸಿದರು. ಕನ್ನಡದಲ್ಲಿ ತೆಳ್ಳಗಾಗುವುದು ಬೇರೆ, ಸೊರಗುವುದು ಬೇರೆ. ಮೊದಲನೆಯದನ್ನು ನಮ್ಮ ಹಳ್ಳಿಗಳಲ್ಲಿ ನಾನು ಯಾರ ಬಾಯಲ್ಲಿಯೂ ಕೇಳಲಿಲ್ಲ. ತಾಯಿ ಬಡಿಸಿದಳು. ನಾನು ಅರ್ಧ ರೊಟ್ಟಿಗೆ ಕೈ ತೊಳೆದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ‘ಹೊಟ್ಟಿ ಕೊಯ್ಸಿಕೊಂಡು ಬರೂವಷ್ಟು ಹಾಕಿದ್ನೇನಪಾ ನಾ?’ ಎಂದಳು.

ಗ್ರೆಲಿನ್, ಸಕ್ಕರೆ ರೋಗ, ವಂಶದ ಗುಣ, ಎಲ್ಲವನ್ನೂ ತಿಳಿಸಿ ಹೇಳಿದೆ. ಪಾಠ ಹೇಳುವವನಿಗೆ ಇನ್ನೇನು ಬಂದೀತು? ಅವಳು ತಲೆಯಾಡಿಸಿದಳೇ ಹೊರತು ಒಪ್ಪಲಿಲ್ಲ. ಅಂದು ರಾತ್ರಿ ನನಗೆ ನೆನಪಾದದ್ದು ಒಂದು ಪದದ ವಿಚಾರ. ಅವಮೋದರ್ಯಕ್ಕೆ ಸಮನಾದ ಪ್ರಾಕೃತ ಶಬ್ದಕ್ಕೆ ಕೊರೆಯೂಟದ ವ್ರತವೆಂಬ ಅರ್ಥ ಇರುವಂತೆಯೇ ಬರಗಾಲವೆಂಬ ಅರ್ಥವೂ ಇದೆ. ವಡ್ಡಾರಾಧನೆಯ ಭದ್ರಬಾಹು ಭಟಾರರ ಕಥೆಯಲ್ಲಿ ಹನ್ನೆರಡು ವರ್ಷದ ಬರವೂ ಮುನಿಗಳ ವ್ರತವೂ ಒಂದರ ಮಗ್ಗುಲಲ್ಲಿ ಒಂದು ನಿಂತಿರುವುದನ್ನು ನಾನು ಎಷ್ಟೋ ಸಲ ಪಾಠ ಮಾಡಿದ್ದೆ. ಆದರೆ ಅರ್ಧ ರೊಟ್ಟಿ ಉಳಿದ ಒಂದೇ ತಾಟನ್ನು ನೋಡಿ ಒಬ್ಬರು ವ್ರತವೆಂದೂ ಇನ್ನೊಬ್ಬರು ಬರವೆಂದೂ ತಿಳಿಯಬಲ್ಲರೆಂಬುದು ಅಂದು ಕಣ್ಣಿಗೆ ಬಿತ್ತು.

ಎಳ್ಳಮವಾಸ್ಯೆಗೆ ನಮ್ಮವರ ಹೊಲದಲ್ಲಿ ಚರಗ. ನಮ್ಮ ಭಾಗದ ಊಟವನ್ನು ಅರಿಯಬೇಕಾದರೆ ಆ ದಿನ ಎರೆಹೊಲಕ್ಕೆ ಬರಬೇಕು. ಹಿಂಗಾರಿ ಜೋಳ ಮೊಳಕಾಲುದ್ದ ಬೆಳೆದು ನಿಂತಿರುತ್ತದೆ, ಕಡಲೆ ಹೂಬಿಟ್ಟಿರುತ್ತದೆ. ಚಕ್ಕಡಿಯ ಜಾಗದಲ್ಲಿ ಟ್ರ್ಯಾಕ್ಟರು ಬಂದಿದೆ ಎನ್ನುವುದನ್ನು ಬಿಟ್ಟರೆ ಬುತ್ತಿ ಕಡಿಮೆಯಾಗಿಲ್ಲ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಕರಿಗಡಬು, ಎಣ್ಣೆಗಾಯಿ ಬದನೆ, ಪುಂಡಿಪಲ್ಯ, ಮಡಕಿಕಾಳು, ಗುರೆಳ್ಳು ಚಟ್ನಿ, ಗಡಿಗೆಯಲ್ಲಿ ಹೆಪ್ಪುಗಟ್ಟಿದ ಮೊಸರು. ಮೊದಲು ಹೊಲದ ಸುತ್ತ ಚರಗ ಚೆಲ್ಲಿ, ಬಳಿಕ ಬನ್ನಿಗಿಡದ ನೆರಳಿನಲ್ಲಿ ಪಂಕ್ತಿ. ಆ ಪಂಕ್ತಿಯಲ್ಲಿ ಕೇಳಿ ಬಡಿಸುವ ಪದ್ಧತಿಯಿಲ್ಲ; ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ಹೋಳಿಗೆ ಬೀಳುತ್ತದೆ. ಅನ್ನ ಬಿಟ್ಟೇಳುವುದು ದೋಷ, ಬೇಡವೆನ್ನುವುದು ಬಡಿಸಿದವರಿಗೆ ಅಪಮಾನ.

ನಾನು ಒಂದು ತುಣುಕು ಸಜ್ಜೆರೊಟ್ಟಿ, ಎರಡು ಚಮಚೆ ಕಾಳು, ಒಂದಿಷ್ಟು ಮೊಸರು ಹಾಕಿಸಿಕೊಂಡು ಮೆಲ್ಲಗೆ ಅಗಿಯುತ್ತ ಕುಳಿತೆ. ಉಳಿದವರು ಎರಡನೆಯ ಸುತ್ತಿಗೆ ಬಂದಾಗಲೂ ನನ್ನ ಮೊದಲ ಸುತ್ತು ಮುಗಿದಿರಲಿಲ್ಲ. ‘ನಮ್ಮ ಅಡಗಿ ಸೇರಲಿಲ್ಲೇನ್ರಿ ಮಾಸ್ತರ?’ ಎಂಬ ಮಾತು ಎದ್ದಿತು. ನಗೆಯಿತ್ತು; ನಗೆಯ ಕೆಳಗೆ ನೋವೂ ಇತ್ತು. ಪಂಕ್ತಿಯ ಕೊನೆಯಲ್ಲಿದ್ದ ಮುದುಕಿಯೊಬ್ಬಳು, ನಮ್ಮ ದೂರದ ಸೋದರತ್ತೆ, ಹಲ್ಲಿಲ್ಲದ ಬಾಯಲ್ಲಿ ರೊಟ್ಟಿಯ ಚೂರನ್ನು ನೆನೆಸಿಕೊಳ್ಳುತ್ತಲೇ, ‘ಇಷ್ಟ ದೊಡ್ಡ ಭೂಮ್ತಾಯಿಗೆ ನಾವು ಹಾಕಿದ್ದರ ಎಷ್ಟ? ಒಂದ ಹಿಡಿ. ಅಕಿ ಏನ ಸಿಟ್ಟಾದಳೇನು? ಬಿಡ್ರಿ ಅವನ್ನ’ ಎಂದಳು. ಆ ಸುತ್ತಿಗೆ ನನ್ನ ಎಲೆಯನ್ನು ದಾಟಿ ಹೋದರು. ತಾಯಿ ಎದುರಿನ ಸಾಲಿನಲ್ಲಿದ್ದಳು. ಅತ್ತೆಯ ಮಾತಿಗೆ ಏನೂ ಅನ್ನಲಿಲ್ಲ.

ವ್ರತವೆಂದು ನನ್ನನ್ನು ಹೊಗಳುವ ಗೆಳೆಯರೂ ಇದ್ದಾರೆ. ಆ ಹೊಗಳಿಕೆಯನ್ನು ನಾನು ಮೊದಲ ವರ್ಷ ತೆಗೆದುಕೊಳ್ಳಲಾರದವನಾಗಿದ್ದೆ. ಹಸಿವಿದ್ದು ಬಿಟ್ಟರೆ ಅದು ತಪಸ್ಸು; ಹಸಿವೇ ಇಲ್ಲದವನು ಬಿಟ್ಟದ್ದೇನು? ಆದರೆ ಹದಿನಾಲ್ಕು ಹದಿನೈದು ತಿಂಗಳು ಕಳೆದ ಬಳಿಕ, ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತ ಒಂದು ಮಧ್ಯಾಹ್ನ, ಹಳೆಯ ಗೆಳೆಯ ಬಾಗಿಲು ತಟ್ಟಿದಂತೆ ಹಸಿವು ಬಂತು. ಬರುತ್ತದೆಂದು ವೈದ್ಯರು ಮೊದಲೇ ಹೇಳಿದ್ದರು. ಶರೀರ ತನ್ನ ಬೇರೆ ದಾರಿಗಳನ್ನು ಹುಡುಕಿಕೊಳ್ಳುತ್ತದೆ, ಕೊಳವೆಯೂ ಅಷ್ಟಿಷ್ಟು ಹಿಗ್ಗುತ್ತದೆ. ಅಷ್ಟರಲ್ಲಿ ತೂಕ ೮೮ಕ್ಕೆ ಬಂದು ನಿಂತಿತ್ತು, ಸಕ್ಕರೆ ರೋಗದ ಗುಳಿಗೆಗಳು ನಿಂತಿದ್ದವು, ರಾತ್ರಿಯ ನಿದ್ದೆ ಮರಳಿತ್ತು. ಮೊದಲನೆಯ ವರ್ಷದ್ದು ಶಸ್ತ್ರವೈದ್ಯರ ಕೆಲಸ; ಎರಡನೆಯ ವರ್ಷದ್ದು ನನ್ನದು.

ಇನ್ನೊಂದು ಸಂಗತಿಯನ್ನೂ ಈ ಹಾದಿ ಹಿಡಿಯಲಿರುವವರು ತಿಳಿದಿರಬೇಕು. ಕಾಳು, ರೊಟ್ಟಿ, ಪಲ್ಯ ಈ ಸಣ್ಣ ಜಠರದಲ್ಲಿ ನಿಂತು ಸಾಕು ಎನಿಸುತ್ತವೆ. ಧಾರವಾಡದ ಫೇಡೆ ಹಾಗಲ್ಲ. ಅದು ಬಾಯಲ್ಲಿ ಕರಗಿ, ನಿಲ್ಲದೆ ಜಾರಿಹೋಗುತ್ತದೆ. ಒಂದೂವರೆ ರೊಟ್ಟಿಗೆ ಬಾಗಿಲು ಹಾಕುವ ಹೊಟ್ಟೆ ಆರು ಫೇಡೆಗೆ ಬಾಗಿಲು ತೆರೆದಿಡುತ್ತದೆ. ಚಹದ ಅಂಗಡಿಯ ಮಿರ್ಚಿ ಭಜಿಯೂ ಅದೇ ಜಾತಿಯದು. ಕಳೆದುಕೊಂಡ ತೂಕವನ್ನು ತಿರುಗಿ ಪಡೆದವರಲ್ಲಿ ಅನೇಕರು ರೊಟ್ಟಿಯಿಂದ ಪಡೆದವರಲ್ಲ. ಬೈಪಾಸ್ ಆದವರಿಗಾದರೆ ಸಿಹಿ ಹೆಚ್ಚಾದಾಗ ಬೆವರು, ಎದೆಬಡಿತ, ತಲೆತಿರುಗು ಬಂದು ಒಳಗಿನಿಂದಲೇ ಪೆಟ್ಟು ಬೀಳುತ್ತದೆ. ನನ್ನಂಥವರಿಗೆ ಆ ಪೆಟ್ಟು ಕಡಿಮೆ.

ಬಾಳುದ್ದಕ್ಕೂ ಬಿಡಲಾಗದ್ದು ಔಷಧಿಯ ಡಬ್ಬಿ. ಅನ್ನದಲ್ಲಿರುವ ಬಿ-೧೨ ಜೀವಸತ್ವವನ್ನು ಬಿಡಿಸಿ ಕರುಳಿಗೆ ಒಪ್ಪಿಸಲು ಜಠರದ ರಸಗಳು ಬೇಕು. ಜಠರವೇ ಕುಗ್ಗಿದ ಮೇಲೆ ಅದು ಸಾಲದಾಗುತ್ತದೆ. ಮೊದಲೇ ಹಾಲು ಮೊಸರಿನ ಹೊರತು ಬೇರೆ ಮೂಲವಿಲ್ಲದ ಶಾಕಾಹಾರಿಗಳಿಗೆ ಈ ಕೊರತೆ ಬೇಗ ಬರುತ್ತದೆ. ಅಲಕ್ಷಿಸಿದರೆ ಕೈಕಾಲು ಜೋಮು ಹಿಡಿದು ನರಗಳಿಗೆ ಹಾನಿ. ಕಬ್ಬಿಣ, ಸುಣ್ಣ, ಡಿ ಜೀವಸತ್ವ ಬೇರೆ. ಕಬ್ಬಿಣವನ್ನೂ ಸುಣ್ಣವನ್ನೂ ಒಟ್ಟಿಗೆ ನುಂಗಬಾರದು, ನಡುವೆ ಎರಡು ತಾಸಿನ ಅಂತರ ಬೇಕು, ಕಬ್ಬಿಣದೊಡನೆ ಚಹ ಕೂಡದು. ಶಸ್ತ್ರಕ್ರಿಯೆಯ ಖರ್ಚನ್ನು ಲೆಕ್ಕಹಾಕುವವರು ಇದನ್ನೂ, ವರುಷ ವರುಷದ ರಕ್ತಪರೀಕ್ಷೆಯನ್ನೂ ಕೂಡಿಸಿಕೊಳ್ಳಬೇಕು. ಹಳ್ಳಿಯಲ್ಲಿದ್ದು ಮರೆತುಬಿಡುವುದು ಬಹಳ ಸುಲಭ.

ಈಗ ದಿನಕ್ಕೆ ನಾಲ್ಕು ಸಲ, ಸಲಕ್ಕೆ ಹತ್ತು ಹನ್ನೆರಡು ತುತ್ತು. ಹಸಿವಿದ್ದೂ ಹನ್ನೆರಡಕ್ಕೆ ಕೈ ನಿಲ್ಲಿಸುವುದು ಕೆಲವು ದಿನ ಸಾಧಿಸುತ್ತದೆ, ಕೆಲವು ದಿನ ಸಾಧಿಸುವುದಿಲ್ಲ. ಭಗವತೀ ಆರಾಧನೆಯ ಲೆಕ್ಕವನ್ನು ಈ ವರ್ಷವೂ ತರಗತಿಯಲ್ಲಿ ಹೇಳಿದೆ. ಹಿಂದಿನ ಬೆಂಚಿನವರು ನಗಲಿಲ್ಲ. ನನಗೆ ಒಂದಿಷ್ಟು ಬೇಸರವೇ ಆಯಿತು.

ನಮ್ಮ ಮನೆಗಳಲ್ಲಿ ರೊಟ್ಟಿ ಬಡಿದು ಮುಗಿದ ಮೇಲೆ ಕೊಣಮಿಗೆಯಲ್ಲಿ ಉಳಿದ ಹಿಟ್ಟಿನಿಂದ, ಒಲೆಯ ಮುಂದೆ ಕುಳಿತ ಸಣ್ಣ ಮಗುವಿಗೆಂದು ಅಂಗೈಯಗಲದ ಒಂದು ರೊಟ್ಟಿ ತಟ್ಟುವುದುಂಟು. ಕಳೆದ ದೀಪಾವಳಿಗೆ ಊರಿಗೆ ಹೋದಾಗ ತಾಯಿ ನನಗೆ ಅಂಥ ರೊಟ್ಟಿಗಳನ್ನೇ ಮಾಡಿ ಬಡಿಸಿದಳು. ಏನೂ ಹೇಳಲಿಲ್ಲ, ಎರಡನೆಯದನ್ನು ಹಾಕಲು ಬಂದ ಕೈ ತಾಟಿನ ಮೇಲೆ ನಿಂತಿತು, ನಾನು ತಲೆಯಾಡಿಸಿದೆ, ಹಾಕಿದಳು. ಮಗ್ಗುಲಲ್ಲಿ ತಂಬಿಗೆ ಇರಲಿಲ್ಲ. ಅವಳಿಗೆ ಗಡಿಯಾರ ನೋಡುವ ರೂಢಿಯಿಲ್ಲ. ಉಂಡ ತಾಟುಗಳನ್ನು ತಿಕ್ಕಿ, ತೊಳೆದು, ಬೋರಲು ಹಾಕಿ, ಒಲೆ ಸಾರಿಸಿ, ಆಮೇಲೆ ನೀರಿನ ತಂಬಿಗೆಯನ್ನು ತಂದು ನನ್ನ ಮುಂದಿಟ್ಟಳು.