ಗಿಟಾರ್ ಮನೆಗೆ ಬಂತು, ಕಲಿಯೋಕೆ ಯಾವ ಪುಸ್ತಕ? ಹೂಟಗಳ್ಳಿಯಿಂದ ಪೇಟೆಗೆ ಹೊರಡೋ ಮುಂಚೆ ಓದಿ

ಹೂಟಗಳ್ಳಿ: ಇಲ್ಲಿನ ಕೆಎಚ್‌ಬಿ ಕಾಲೊನಿಯ ಬೀದಿಗಳಲ್ಲಿ ಸಂಜೆ ಹೊತ್ತು ಒಂದು ಸುತ್ತು ನಡೆದು ಬನ್ನಿ. ಒಂದಲ್ಲ ಒಂದು ಮನೆಯಿಂದ ಗಿಟಾರ್ ತಂತಿ ಮೀಟೋ ಸದ್ದು ಕೇಳಿಸುತ್ತೆ. ಮೂರು ತಿಂಗಳು ಬಿಟ್ಟು ಅದೇ ಬೀದಿಗೆ ಹೋದರೆ ಸದ್ದಿಲ್ಲ. ಗಿಟಾರ್ ಬೀರು ಮೇಲೆ, ಗಿಟಾರ್ ಮೇಲೆ ಧೂಳು. ಕೇಳಿದರೆ ಅಪ್ಪ-ಅಮ್ಮ ಹೇಳೋದು ಒಂದೇ ಮಾತು, "ಬರೀ ಆರಂಭಶೂರತ್ವ, ನಮ್ಮ ಹುಡುಗನಿಗೆ ಇಂಟ್ರೆಸ್ಟೇ ಇಲ್ಲ."

ಹುಡುಗನ ತಪ್ಪೂ ಇರಬಹುದು. ಆದರೆ ಗಿಟಾರ್ ಜತೆಗೆ ತಂದುಕೊಟ್ಟ ಪುಸ್ತಕದ ತಪ್ಪು ಯಾರ ಗಮನಕ್ಕೂ ಬರೋದಿಲ್ಲ. ಐದಾರು ಸಾವಿರ ಕೊಟ್ಟು ಗಿಟಾರ್ ತರುವಾಗ ನಾಲ್ಕು ಅಂಗಡಿ ಸುತ್ತುತ್ತೇವೆ, ಪುಸ್ತಕ ಮಾತ್ರ ಕೈಗೆ ಸಿಕ್ಕಿದ್ದು. ನಮ್ಮ ಕಡೆ ಇದು ಇನ್ನೂ ಮುಖ್ಯ. ಹೆಬ್ಬಾಳು, ಕೂರ್ಗಳ್ಳಿ ಕಾರ್ಖಾನೆಗಳಲ್ಲಿ ಶಿಫ್ಟ್ ಮೇಲೆ ಕೆಲಸ ಮಾಡೋರಿಗೆ ವಾರಕ್ಕೆರಡು ದಿನ ಒಂದೇ ಟೈಮಿಗೆ ಮಗುವನ್ನ ಕ್ಲಾಸಿಗೆ ಬಿಟ್ಟು ಕರ್ಕೊಂಡು ಬರೋದು ಆಗದ ಮಾತು. ತಾವೇ ಕಲೀಬೇಕು ಅಂತಿರೋ ದೊಡ್ಡವರಿಗಂತೂ ಆ ಟೈಮ್ ಹೊಂದೋದೇ ಇಲ್ಲ. ಹಾಗಾಗಿ ಪುಸ್ತಕವೇ ಮೇಷ್ಟ್ರು. ಮೇಷ್ಟ್ರನ್ನ ನೋಡಿ ಆರಿಸಬೇಕಲ್ಲವೇ?

ಮೊದಲು ಗಿಟಾರ್ ನೋಡಿ, ಆಮೇಲೆ ಪುಸ್ತಕ

ಮನೆಯಲ್ಲಿರೋ ಗಿಟಾರ್ ಯಾವ ಜಾತಿಯದು ಅಂತ ಗೊತ್ತಿಲ್ಲದೆ ಪುಸ್ತಕ ತರಬೇಡಿ. ಗಿಟಾರ್ ಹಿಡಿದು ಕೂತಾಗ ಕೆಳಗೆ ಬರುವ ಮೂರು ತೆಳು ತಂತಿ ನೋಡಿ. ಪ್ಲಾಸ್ಟಿಕ್ ದಾರದ ಥರ ಕಂಡರೆ ಅದು ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್. ಲೋಹದ ತಂತಿ ಆಗಿದ್ದರೆ ನಾವೆಲ್ಲ ಸಾಮಾನ್ಯವಾಗಿ ನೋಡೋ ಅಕೌಸ್ಟಿಕ್ ಗಿಟಾರ್. ಕ್ಲಾಸಿಕಲ್ ಗಿಟಾರಿನ ಕುತ್ತಿಗೆ ಅಗಲ, ಅದನ್ನ ಬೆರಳಲ್ಲಿ ಮೀಟೋದು. ಅಕೌಸ್ಟಿಕ್‌ನಲ್ಲಿ ಆರಂಭದ ಪಾಠಗಳು ಹೆಚ್ಚಾಗಿ ಪಿಕ್ ಹಿಡಿದು ನುಡಿಸೋ ಪಾಠಗಳು. ಇದಕ್ಕೊಂದು ಪುಸ್ತಕ, ಅದಕ್ಕೊಂದು ಪುಸ್ತಕ.

ಫ್ರೆಡರಿಕ್ ನೋಡ್ ಬರೆದ 'ಸೋಲೋ ಗಿಟಾರ್ ಪ್ಲೇಯಿಂಗ್' ಒಳ್ಳೇ ಪುಸ್ತಕ, ಆದರೆ ಅದು ಕ್ಲಾಸಿಕಲ್ ಕಲಿಯೋರಿಗೆ. ಸಿನಿಮಾ ಹಾಡಿಗೆ ಗಿಟಾರ್ ಬಾರಿಸಬೇಕು ಅಂತ ಆಸೆಪಟ್ಟ ಹುಡುಗ ಲೋಹದ ತಂತಿ ಗಿಟಾರ್ ಇಟ್ಕೊಂಡು ಅದನ್ನ ತೆರೆದರೆ ಎರಡನೇ ವಾರಕ್ಕೆ ಮುಚ್ಚಿಡ್ತಾನೆ. ಇದೇ ಮಾತಿಗೆ ಇನ್ನೊಂದು: ನೈಲಾನ್ ಗಿಟಾರಿಗೆ ಲೋಹದ ತಂತಿ ಹಾಕಿಸಬೇಡಿ. ಎಳೆತ ಜಾಸ್ತಿಯಾಗಿ ತಂತಿ ಕಟ್ಟಿರೋ ಮರದ ಪಟ್ಟಿಯೇ ಕಿತ್ತು ಬರಬಹುದು.

ದಪ್ಪ ಪುಸ್ತಕದ ಮೋಸ

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳೋದು 'ಸಾವಿರ ಕಾರ್ಡ್' ಥರದ ದಪ್ಪ ಪುಸ್ತಕ. ಕಾರ್ಡ್ ಅಂದರೆ ಎಟಿಎಂ ಕಾರ್ಡ್ ಅಲ್ಲ, ಮೂರು ಅಥವಾ ಹೆಚ್ಚು ಸ್ವರಗಳನ್ನ ಒಟ್ಟಿಗೆ ನುಡಿಸೋದು. ಕೊಟ್ಟ ದುಡ್ಡಿಗೆ ಪುಟ ಜಾಸ್ತಿ ಅಂತ ತಗೊಂಡುಬಿಡ್ತೀವಿ. ಈ ಸಾಲು ಬರೀತಿರೋರೂ ಒಂದು ಕಾಲದಲ್ಲಿ ಅದನ್ನೇ ಮಾಡಿದ್ದು. ಆದರೆ ಅದು ಪಾಠದ ಪುಸ್ತಕವೇ ಅಲ್ಲ, ನಿಘಂಟು. ಅ ಆ ಇ ಈ ತಿದ್ದೋ ಮಗುವಿನ ಕೈಗೆ ನಿಘಂಟು ಕೊಟ್ಟ ಹಾಗೆ. ಬೆರಳು ಎಲ್ಲಿಡಬೇಕು ಅಂತ ಅದು ತೋರಿಸುತ್ತೆ. ಯಾವುದನ್ನ ಮೊದಲು ಕಲೀಬೇಕು, ಒಂದರಿಂದ ಇನ್ನೊಂದಕ್ಕೆ ಬೆರಳು ಹೇಗೆ ಜರುಗಬೇಕು, ತಾಳ ಹೇಗೆ ಹಿಡೀಬೇಕು ಅಂತ ಹೇಳೋದಿಲ್ಲ.

ನಿಜವಾದ ಆರಂಭಿಕ ಪುಸ್ತಕ ತೆಳ್ಳಗಿರುತ್ತೆ. ಹೆಚ್ಚು ಬಳಕೆಯಲ್ಲಿರೋ ಹಾಲ್ ಲಿಯೊನಾರ್ಡ್ ಗಿಟಾರ್ ಮೆಥಡ್‌ನ ಮೊದಲ ಭಾಗ 50 ಪುಟದೊಳಗೇ ಮುಗಿಯುತ್ತೆ. ವಿಲ್ ಶ್ಮಿಡ್ ಮತ್ತು ಗ್ರೆಗ್ ಕಾಕ್ ಬರೆದಿದ್ದು. ಮೊದಲ ಪಾಠ ಒಂದೇ ಒಂದು ತಂತಿ ಮೇಲೆ: ಏನೂ ಒತ್ತದೆ ಮೀಟಿದರೆ ಇ, 1ನೇ ಫ್ರೆಟ್ ಒತ್ತಿದರೆ ಎಫ್, 3ನೇ ಫ್ರೆಟ್ ಒತ್ತಿದರೆ ಜಿ. ಅದು ಕೈಗೆ ಬಂದಮೇಲೆ ಎರಡನೇ ತಂತಿ. ನಮ್ಮ ಸರಳೆ ವರಸೆ, ಜಂಟಿ ವರಸೆ ಕ್ರಮದಂತೆಯೇ, ಒಂದರ ಮೇಲೊಂದು. ಆಲ್ಫ್ರೆಡ್ ಕಂಪನಿಯ ಬೇಸಿಕ್ ಗಿಟಾರ್ ಮೆಥಡ್ ಕೂಡ ಇದೇ ದಾರಿಯದು. ಮೆಲ್ ಬೇ ಪುಸ್ತಕ ಇವೆರಡಕ್ಕಿಂತ ಹಳೇದು. ಅದರ ಹಳೇ ಆವೃತ್ತಿ ಪೂರ್ತಿ ಪಾಶ್ಚಾತ್ಯ ಸ್ವರಲಿಪಿಯ ಮೇಲೆ ನಿಂತಿದೆ. ಶಿಸ್ತಿದೆ, ಆದರೆ ಪಕ್ಕದಲ್ಲಿ ಹೇಳಿಕೊಡೋರಿಲ್ಲದೆ ಕಷ್ಟ.

ಅಂಗಡಿಯಲ್ಲಿ ನಿಂತು ಮಾಡೋ ಪರೀಕ್ಷೆ

ಪುಸ್ತಕದ ಹೆಸರು ಮರೆತರೂ ಚಿಂತೆಯಿಲ್ಲ, ಪುಟ ತಿರುವಿ ನೋಡಿ. ಮೊದಲ ಹತ್ತು ಪುಟದಲ್ಲಿ ಕೂರೋ ಭಂಗಿ, ತಂತಿ ಶ್ರುತಿ ಮಾಡೋ ವಿಧಾನ, ಆಮೇಲೆ ಒಂದೆರಡು ತಂತಿಯ ಪಾಠ ಅಥವಾ ಎರಡು ಮೂರು ಬೆರಳಿನ ಸುಲಭ ಕಾರ್ಡ್ ಇರಬೇಕು. ಇ ಮೈನರ್, ಎ ಮೈನರ್, ಡಿ, ಜಿ, ಇವೆಲ್ಲ ಸುಲಭದವು. ಅಷ್ಟರೊಳಗೇ ಎಫ್ ಕಾರ್ಡ್ ಬಂದು, ತೋರುಬೆರಳನ್ನ ಆರೂ ತಂತಿ ಮೇಲೆ ಅಡ್ಡ ಒತ್ತಿ ಅಂದಿದ್ದರೆ ಪುಸ್ತಕ ವಾಪಸ್ ಇಟ್ಟುಬಿಡಿ. ವರ್ಷಗಟ್ಟಲೆ ನುಡಿಸಿದೋರಿಗೂ ಕೆಲವು ದಿನ ಅದು ಕೈಕೊಡುತ್ತೆ.

ಮೇಲೆ ಐದು ಗೆರೆಯ ಸ್ವರಲಿಪಿ, ಕೆಳಗೆ ಆರು ಗೆರೆಯ ಟ್ಯಾಬ್, ಎರಡೂ ಇರೋ ಪುಸ್ತಕ ಹೊಸಬರಿಗೆ ಒಳ್ಳೇದು. ಟ್ಯಾಬ್‌ನಲ್ಲಿ ಆರು ಗೆರೆ ಅಂದರೆ ಆರು ತಂತಿ, ಗೆರೆ ಮೇಲಿನ ಅಂಕಿ ಅಂದರೆ ಎಷ್ಟನೇ ಫ್ರೆಟ್ ಒತ್ತಬೇಕು ಅಂತ. ಇಲ್ಲೇ ಬಹಳ ಜನ ಎಡವೋದು. ಗಿಟಾರ್ ಹಿಡಿದಾಗ ದಪ್ಪ ತಂತಿ ಮೇಲಿರುತ್ತೆ, ಟ್ಯಾಬ್‌ನಲ್ಲಿ ದಪ್ಪ ತಂತಿ ಕೆಳಗಿನ ಗೆರೆ. ಎಣಿಕೆಯೂ ಹಾಗೇ, ಅತಿ ತೆಳು ತಂತಿಯೇ 1ನೇ ತಂತಿ, ದಪ್ಪದ್ದು 6ನೇದು. ಇದನ್ನ ಚಿತ್ರ ಹಾಕಿ ಬಿಡಿಸಿ ಹೇಳಿರೋ ಪುಸ್ತಕ ಆರಿಸಿ. ಇಲ್ಲದಿದ್ದರೆ ಮಗು ವಾರವಿಡೀ ಉಲ್ಟಾ ನುಡಿಸಿ, "ಪುಸ್ತಕದಲ್ಲಿರೋ ಹಾಡೇ ಬರ್ತಿಲ್ಲ" ಅಂತ ಅಳುತ್ತೆ.

ಇನ್ನೊಂದು ಸಣ್ಣ ವಿಷಯ, ಆದರೆ ದಿನಾ ಕಾಡೋದು. ಗಿಟಾರ್ ನುಡಿಸುವಾಗ ಎರಡೂ ಕೈಗೆ ಕೆಲಸ. ಪುಸ್ತಕ ತಾನಾಗೇ ಬಿಚ್ಚಿಕೊಂಡು ಮಲಗಬೇಕು. ಗೋಂದಿನಲ್ಲಿ ಅಂಟಿಸಿದ ದಪ್ಪ ಪುಸ್ತಕ ಪಟ್ ಅಂತ ಮುಚ್ಚಿಕೊಳ್ಳುತ್ತೆ. ಮಧ್ಯೆ ಪಿನ್ ಹೊಡೆದಿದ್ದೋ, ಸ್ಪೈರಲ್ ಹಾಕಿದ್ದೋ ವಾಸಿ. ಈಗಾಗಲೇ ತಂದಾಗಿದ್ದರೆ ಬಟ್ಟೆ ಕ್ಲಿಪ್ ಎರಡು ಸಾಕು.

ಮನೆಯಲ್ಲಿ ಸರಿಗಮ ಗೊತ್ತಿದ್ದರೆ

ನಮ್ಮ ಮೈಸೂರಿನಲ್ಲಿ ಅಕ್ಕನೋ ಅಜ್ಜಿಯೋ ಒಂದಿಷ್ಟು ಕರ್ನಾಟಕ ಸಂಗೀತ ಕಲಿತಿರೋ ಮನೆಗಳು ಬೇಕಾದಷ್ಟಿವೆ. ಅಂಥವರು ಪುಸ್ತಕದ ಇಂಗ್ಲಿಷಿಗೆ ಹೆದರಬೇಕಿಲ್ಲ. ಪುಸ್ತಕದ ಸಿ, ಡಿ, ಇ, ಎಫ್, ಜಿ, ಎ, ಬಿ ಸಾಲನ್ನ ಸ ರಿ ಗ ಮ ಪ ದ ನಿ ಅಂತಲೇ ಓದಿಕೊಳ್ಳಬಹುದು. ಆದರೆ ಒಂದು ತೊಡಕಿದೆ. ಅದನ್ನ ಹೇಳಿಕೊಡದೆ ಬಿಟ್ಟರೆ ಅಜ್ಜಿ-ಮೊಮ್ಮಗನಿಗೆ ಜಗಳ ಗ್ಯಾರಂಟಿ.

ಪುಸ್ತಕದ ಆ ಸಾಲು ನಮ್ಮ ಲೆಕ್ಕದಲ್ಲಿ 29ನೇ ಮೇಳ, ಧೀರಶಂಕರಾಭರಣ. ಅಜ್ಜಿ ಕಲಿತ ಸರಳೆ ವರಸೆ 15ನೇ ಮೇಳ, ಮಾಯಾಮಾಳವಗೌಳ. ಎರಡರಲ್ಲೂ ಸ, ಗ, ಮ, ಪ, ನಿ ಒಂದೇ ಜಾಗದಲ್ಲಿವೆ. ರಿ ಮತ್ತು ದ ಮಾತ್ರ ಮಾಯಾಮಾಳವಗೌಳದಲ್ಲಿ ಒಂದೊಂದು ಫ್ರೆಟ್ ಕೆಳಗೆ. ಮೊಮ್ಮಗ ಪುಸ್ತಕ ನೋಡಿ ಸರಿಯಾಗೇ ನುಡಿಸ್ತಾನೆ, ಅಜ್ಜಿ "ರಿ ತಪ್ಪು ಕಣೋ" ಅಂತಾರೆ. ಇಬ್ಬರೂ ಸರಿ.

ಗಿಟಾರ್ ಮೇಲೆ ನೋಡಿ: 5ನೇ ತಂತಿಯ 3ನೇ ಫ್ರೆಟ್ ಸ. 4ನೇ ತಂತಿ ಏನೂ ಒತ್ತದೆ ರಿ, ಅದರ 2ನೇ ಫ್ರೆಟ್ ಗ, 3ನೇ ಫ್ರೆಟ್ ಮ. 3ನೇ ತಂತಿ ಒತ್ತದೆ ಪ, 2ನೇ ಫ್ರೆಟ್ ದ. 2ನೇ ತಂತಿ ಒತ್ತದೆ ನಿ, 1ನೇ ಫ್ರೆಟ್‌ನಲ್ಲಿ ಮೇಲಿನ ಸ. ಇದು ಪುಸ್ತಕದ ಸಾಲು. ಅಜ್ಜಿಯ ವರಸೆ ಬೇಕಾ? ರಿ ಗೆ 5ನೇ ತಂತಿಯ 4ನೇ ಫ್ರೆಟ್, ದ ಗೆ 3ನೇ ತಂತಿಯ 1ನೇ ಫ್ರೆಟ್ ಒತ್ತಿ, ಉಳಿದದ್ದು ಹಾಗೇ ಇರಲಿ. ಒಂದು ನೆನಪಿರಲಿ, ನಮ್ಮ ಷಡ್ಜ ಹಾಡೋರ ಶ್ರುತಿಗೆ ತಕ್ಕಂತೆ ಜರುಗುತ್ತೆ, ಪುಸ್ತಕದ ಸಿ ಜರುಗೋದಿಲ್ಲ. ಗಮಕ ಕೇಳಬೇಡಿ, ಆರಂಭದ ಪುಸ್ತಕ ಅಲ್ಲಿಗೆ ಹೋಗೋದಿಲ್ಲ.

ಹಾಡೇ ಬೇರೆ, ಪಾಠವೇ ಬೇರೆ

ಈ ಪುಸ್ತಕಗಳಲ್ಲಿರೋ ಹಾಡುಗಳು ಬೀಥೋವನ್‌ನ 'ಓಡ್ ಟು ಜಾಯ್', ಅಮೆರಿಕದ ಜನಪದ ಗೀತೆಗಳು, ಇಂಥವು. ನಮ್ಮ ಮಕ್ಕಳು ಕೇಳೋದು ಕನ್ನಡ ಸಿನಿಮಾ ಹಾಡು. ಮಗು ಕೈಬಿಡೋಕೆ ಬೆರಳು ನೋವಿಗಿಂತ ದೊಡ್ಡ ಕಾರಣ ಇದೇ ಅಂತ ನನ್ನ ಅನಿಸಿಕೆ. ಗೊತ್ತಿಲ್ಲದ ಹಾಡು ಸರಿಯಾಗಿ ಬಂತೋ ಇಲ್ಲವೋ ಅಂತ ಕಿವಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಪುಸ್ತಕದ ಜತೆ ಬರೋ ಆಡಿಯೊ ಬೇಕೇ ಬೇಕು. ಮೊದಲು ಸಿಡಿ ಇರ್ತಿತ್ತು, ಈಗ ಹೊಸ ಪುಸ್ತಕಗಳಲ್ಲಿ ಒಂದು ಕೋಡ್ ಅಚ್ಚಾಗಿರುತ್ತೆ, ಅದನ್ನ ಕಂಪನಿಯ ಸೈಟಿನಲ್ಲಿ ಹಾಕಿ ಕೇಳಬೇಕು. ಸೆಕೆಂಡ್ ಹ್ಯಾಂಡ್ ತಗೊಂಡರೆ ಕೋಡಿನ ಪುಟ ಇದೆಯೋ ಹರಿದುಹೋಗಿದೆಯೋ ನೋಡಿ. ಜಿ, ಸಿ, ಡಿ, ಇ ಮೈನರ್, ಈ ನಾಲ್ಕು ಕಾರ್ಡ್ ಕೈಗೆ ಬಂದ ದಿನವೇ ಪುಸ್ತಕ ಪಕ್ಕಕ್ಕಿಟ್ಟು ಮಗುವಿಗೆ ಇಷ್ಟದ ಒಂದು ಹಾಡು ಹುಡುಕಿಕೊಡಿ. ಎಷ್ಟೋ ಹಾಡು ಅಷ್ಟರಲ್ಲೇ ಮುಗಿಯುತ್ತೆ. ಶಿಶುನಾಳ ಶರೀಫರ ಪದಗಳನ್ನ ಗಿಟಾರ್ ಹಿಡಿದು ಊರೂರಿಗೆ ಮುಟ್ಟಿಸಿದ ರಘು ದೀಕ್ಷಿತ್ ಬೆಳೆದದ್ದು ಇದೇ ಮೈಸೂರಿನಲ್ಲಿ. ಭರತನಾಟ್ಯ ಗುರುಮುಖೇನ, ಗಿಟಾರ್ ಸ್ವಂತ ಕಲಿಕೆ.

ಗ್ರೇಡ್ ಪರೀಕ್ಷೆ ಪುಸ್ತಕದ ಬಗ್ಗೆ ಎರಡು ಮಾತು. ಟ್ರಿನಿಟಿ, ರಾಕ್‌ಸ್ಕೂಲ್ ಹೆಸರು ಕೇಳಿ ಕೆಲವರು ನೇರ 'ಗ್ರೇಡ್ 1' ಪುಸ್ತಕ ತರ್ತಾರೆ, 1 ಅಂದರೆ ಮೊದಲ ಪಾಠ ಅಂದುಕೊಂಡು. ಅದು ಪರೀಕ್ಷೆಯಲ್ಲಿ ನುಡಿಸೋ ಹಾಡುಗಳ ಪುಸ್ತಕ, ಕಲಿಸೋ ಪುಸ್ತಕ ಅಲ್ಲ. ಟ್ರಿನಿಟಿಯಲ್ಲಿ ಗ್ರೇಡ್ 1ರ ಕೆಳಗೆ ಇನಿಷಿಯಲ್, ರಾಕ್‌ಸ್ಕೂಲ್‌ನಲ್ಲಿ ಡೆಬ್ಯೂ ಅಂತ ಇನ್ನೊಂದು ಮೆಟ್ಟಿಲೇ ಇದೆ. ಪರೀಕ್ಷೆಗೆ ಕೂರೋ ಯೋಚನೆ ಇದ್ದರೆ ಈಗ ಯಾವ ಸಿಲಬಸ್ ನಡೀತಿದೆ ಅಂತ ತಿಳ್ಕೊಂಡು ತಗೊಳ್ಳಿ, ಅನುಮತಿ ಇಲ್ಲದ ಜೆರಾಕ್ಸ್ ಒಪ್ಪೋದಿಲ್ಲ. ಅಂದ ಹಾಗೆ ಟ್ರಿನಿಟಿ ಮೈಸೂರಿಗೆ ಹೊಸ ಹೆಸರಲ್ಲ. ಜಯಚಾಮರಾಜ ಒಡೆಯರ್ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೊ ಆಗಿದ್ದರು.

ಎಲ್ಲಿ, ಹೇಗೆ ತಗೊಳ್ಳೋದು

ಸಿಟಿ ಬಸ್ ಹತ್ತಿ ದೇವರಾಜ ಅರಸು ರಸ್ತೆ, ಸಯ್ಯಾಜಿರಾವ್ ರಸ್ತೆ ಕಡೆಯ ಪುಸ್ತಕದಂಗಡಿ, ವಾದ್ಯದ ಅಂಗಡಿ ಎರಡನ್ನೂ ವಿಚಾರಿಸಿ. ಹೊರಡೋ ಮುಂಚೆ ಫೋನ್ ಮಾಡಿ ಪುಸ್ತಕದ ಹೆಸರು ಹೇಳಿ ಇದೆಯಾ ಕೇಳಿದರೆ ಬಸ್ ಚಾರ್ಜ್ ಉಳಿಯುತ್ತೆ. ನಿಮ್ಮ ಗಿಟಾರಿನ ಫೋಟೊ ಮೊಬೈಲಿನಲ್ಲಿರಲಿ. 1865ರಿಂದ ನಡೆದು ಬಂದಿರೋ ಮುಂಬೈನ ಫರ್ಟಾಡೋಸ್ ಇಂಥ ಪುಸ್ತಕಗಳನ್ನ ಆನ್‌ಲೈನಿನಲ್ಲೂ ಮಾರುತ್ತೆ.

ಆನ್‌ಲೈನಿನಲ್ಲಿ ಬರೀ ಮುಖಪುಟ ನೋಡಿ ಒತ್ತಬೇಡಿ. ಒಂದೇ ಹೆಸರಿನಲ್ಲಿ ಮೊದಲ ಭಾಗ, ಎರಡನೇ ಭಾಗ, ಮೂರೂ ಸೇರಿದ ಕಂಪ್ಲೀಟ್ ಎಡಿಷನ್ ಎಲ್ಲ ಇರುತ್ತವೆ. ಮೂರೂ ಸೇರಿದ್ದು ಲೆಕ್ಕದಲ್ಲಿ ಅಗ್ಗ ಅನ್ನಿಸಿದರೂ ಮೊದಲು ಒಂದನೇ ಭಾಗ ಸಾಕು, ಮಗು ಮುಂದುವರಿಸಿದರೆ ನೋಡೋಣ. ತೀರಾ ಕಮ್ಮಿ ಬೆಲೆಗೆ ಸಿಗೋ ನಕಲಿ ಅಚ್ಚಿನಲ್ಲಿ ಕಾರ್ಡ್ ಚಿತ್ರದ ಚುಕ್ಕಿ, ಟ್ಯಾಬ್‌ನ ಅಂಕಿ ಮಸಕಾಗಿರುತ್ತೆ. 2 ಯಾವುದು, 3 ಯಾವುದು ಅಂತ ಕಾಣದ ಪುಸ್ತಕ ಬಿಟ್ಟಿ ಕೊಟ್ಟರೂ ದಂಡ.

ದುಡ್ಡೇ ಈಗ ಕಷ್ಟ ಅನ್ನೋರಿಗೆ: ಜಸ್ಟಿನ್ ಗಿಟಾರ್ ಅನ್ನೋ ವೆಬ್‌ಸೈಟಿನಲ್ಲಿ ಮೊದಲ ಪಾಠದಿಂದ ಕ್ರಮವಾಗಿ ಉಚಿತ ವಿಡಿಯೊಗಳಿವೆ. ಇಂಗ್ಲಿಷ್ ಆದರೂ ಕೈ ನೋಡಿ ಕಲೀಬಹುದು. ಯೂಟ್ಯೂಬಿನಲ್ಲಿ ಸಿಕ್ಕಸಿಕ್ಕ ವಿಡಿಯೊ ನೋಡೋದಕ್ಕಿಂತ ಇದು ಎಷ್ಟೋ ಮೇಲು. ಒಂದು ತಿಂಗಳು ಹೀಗೆ ನಡೆಸಿ, ಮಗು ತಾನಾಗೇ ಗಿಟಾರ್ ಎತ್ಕೊಳ್ತಿದೆ ಅಂತ ಕಂಡಮೇಲೆ ಪುಸ್ತಕ ತಂದರೂ ನಷ್ಟವಿಲ್ಲ.

ಪುಸ್ತಕ ತಂದ ದಿನವೇ ಮೇಲೆ ಪೆನ್ನಲ್ಲಿ ಹೆಸರು ಬರೀಬೇಡಿ. ಬಿಲ್ ಜೋಪಾನ ಮಾಡಿ, ಮೊಬೈಲಿನ ಟ್ಯೂನರ್ ಆ್ಯಪ್ ಹಾಕ್ಕೊಂಡು ಗಿಟಾರ್ ಶ್ರುತಿ ಮಾಡಿ, ಮೊದಲ ಐದಾರು ಪುಟ ಮಗುವಿನ ಜತೆ ಕೂತು ಓದಿ. ಹೊಂದೋದಿಲ್ಲ ಅನ್ನಿಸಿದರೆ ಬದಲಾಯಿಸಿಕೊಳ್ಳೋಕೆ ಎಷ್ಟು ದಿನ ಟೈಮ್ ಕೊಡ್ತೀರಿ ಅಂತ ಅಂಗಡಿಯವರನ್ನ ದುಡ್ಡು ಕೊಡೋ ಮುಂಚೆಯೇ ಕೇಳಿಟ್ಟುಕೊಳ್ಳಿ.